ಎಚ್4350 ಸಿಗದ ಕಾಲದಲ್ಲಿ ಐಎಂಆರ್ 4350: .30-06 ಕೋವಿಯಲ್ಲಿ ಮೂರು ಶಿಕಾರಿ ಋತುಗಳ ಅನುಭವ

ಅಮೆರಿಕದ ಐಡಾಹೋ ರಾಜ್ಯದ ಬಾಯ್ಸಿಯಲ್ಲಿ ನೆಲೆಸಿ, ಲೈಸೆನ್ಸ್ ಮತ್ತು ಟ್ಯಾಗ್ (ಒಂದು ಪ್ರಾಣಿಗೆ ಕೊಡುವ ಪರವಾನಗಿ ಚೀಟಿ) ಪಡೆದು ಪ್ರತಿ ಅಕ್ಟೋಬರಿನಲ್ಲಿ ಮ್ಯೂಲ್ ಡೀರ್ ಜಿಂಕೆಯ ಶಿಕಾರಿಗೆ ಹೋಗುವವನು ನಾನು. ಕೋವಿಯ ತೋಟಾಗಳನ್ನು ಅಂಗಡಿಯಿಂದ ತರದೆ, ಹಿತ್ತಾಳೆಯ ಕೇಸಿಗೆ ಕೇಪು (ಮದ್ದಿಗೆ ಕಿಡಿ ಕೊಡುವ ಸಣ್ಣ ಬಿಲ್ಲೆ), ಮದ್ದು, ಗುಂಡು ಕೂರಿಸಿ ಮನೆಯಲ್ಲೇ ತುಂಬಿಕೊಳ್ಳುತ್ತೇನೆ. ಇಲ್ಲಿ ಅದು ಕಾನೂನುಬದ್ಧವಾದ, ಬಹಳ ಜನರಿಗೆ ರೂಢಿಯಾಗಿರುವ ಕೆಲಸ. ಹಲವು ವರ್ಷ ನನ್ನ .30-06 ಸ್ಪ್ರಿಂಗ್‌ಫೀಲ್ಡ್ ಕೋವಿಗೆ (.30-06 ಎಂಬುದು ತೋಟಾದ ಅಳತೆಯ ಹೆಸರು) 165 ಗ್ರೇನ್ (ಒಂದು ಪೌಂಡಿನ 7,000ದಲ್ಲಿ ಒಂದು ಭಾಗವೇ ಗ್ರೇನ್) ತೂಕದ ಗುಂಡಿನ ಹಿಂದೆ ಹಾಜ್ಡನ್ ಕಂಪನಿಯ ಎಚ್4350 ಎಂಬ ಕೋವಿಮದ್ದನ್ನೇ ಬಳಸುತ್ತಿದ್ದೆ. 2023ರ ಬೇಸಿಗೆಯಲ್ಲಿ ಕೊನೆಯ ಡಬ್ಬಿ ತಳ ಕಂಡಾಗ ಹೊಸದು ಎಲ್ಲಿಯೂ ಸಿಗಲಿಲ್ಲ. ಆಗ ಆರಿಸಿಕೊಂಡ ಬದಲಿ ಮದ್ದು ಐಎಂಆರ್ 4350. ಮೂರು ಋತುಗಳು ಕಳೆದ ಮೇಲೆ ಅದರ ಬಗ್ಗೆ ಸಮಾಧಾನವಾಗಿ ಬರೆಯುವಷ್ಟು ಅನುಭವ ನನಗಾಗಿದೆ ಎಂದುಕೊಂಡಿದ್ದೇನೆ.

ಕೊರತೆ ಏಕೆ ಬಂತು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಬದಲಿಯ ಆಯ್ಕೆಗೂ ಅದಕ್ಕೂ ಸಂಬಂಧವಿದೆ. ಈ ಬಗೆಯ ಹೊಗೆರಹಿತ ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. ಹತ್ತಿಬೀಜಕ್ಕೆ ಅಂಟಿ ಉಳಿಯುವ ಗಿಡ್ಡ ನಾರನ್ನೋ ಮರದ ತಿರುಳನ್ನೋ ನೈಟ್ರಿಕ್ ಆಮ್ಲದ ಸಂಸ್ಕಾರಕ್ಕೆ ಒಳಪಡಿಸಿ ಅದನ್ನು ಮಾಡುತ್ತಾರೆ. ಫಿರಂಗಿಯ ಶೆಲ್ಲನ್ನು ದೂಡುವ ಮದ್ದಿಗೂ ಬೇಕಾದದ್ದು ಇದೇ ವಸ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಸೇನೆಗಳ ಬೇಡಿಕೆ ಏರಿತು, ಶಿಕಾರಿಯವರ ಡಬ್ಬಿ ಹಿಂದಕ್ಕೆ ಬಿತ್ತು. ಎಚ್4350, ವಾರ್ಗೆಟ್, ಎಚ್4831 ಈ ಮೂರರ ಮೇಲೂ ಹಾಜ್ಡನ್ ಹೆಸರಿದ್ದರೂ ಅವು ತಯಾರಾಗುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಮುಲ್ವಾಲಾದಲ್ಲಿ. ಒಂದೇ ಕಾರ್ಖಾನೆಯ ಸರಕಾದ್ದರಿಂದ ಒಂದು ಮಾಯವಾದಾಗ ಉಳಿದವೂ ಜೊತೆಯಲ್ಲೇ ಮಾಯವಾದವು. ಐಎಂಆರ್ ಮದ್ದುಗಳನ್ನೂ 2003ರಿಂದ ಮಾರುತ್ತಿರುವುದು ಹಾಜ್ಡನ್ ಕಂಪನಿಯೇ. ಆದರೆ ಐಎಂಆರ್ 4350 ಬರುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವ್ಯಾಲಿಫೀಲ್ಡ್‌ನಿಂದ. ಆದ್ದರಿಂದ ಬದಲಿ ಹುಡುಕುವವರು ಡಬ್ಬಿಯ ಮೇಲಿನ ಕಂಪನಿಯ ಹೆಸರಿಗಿಂತ ಅದು ಯಾವ ದೇಶದಲ್ಲಿ ತಯಾರಾಯಿತು ಎಂಬ ಸಣ್ಣ ಅಕ್ಷರದ ಸಾಲನ್ನು ನೋಡುವುದು ಒಳ್ಳೆಯದು.

ಆಗ ನನ್ನ ಮುಂದಿದ್ದ ಆಯ್ಕೆಗಳು ಹಲವು: ಸ್ವೀಡನ್ನಿನ ರಿಲೋಡರ್ 16, ಫಿನ್ಲೆಂಡಿನ ವಿಹ್ತಾವುವೊರಿ ಎನ್550, ಬೆಲ್ಜಿಯಂನ ರ್‍ಯಾಮ್‌ಶಾಟ್ ಹಂಟರ್, ಫ್ಲಾರಿಡಾದಲ್ಲಿ ತಯಾರಾಗುವ ವಿಂಚೆಸ್ಟರ್ ಸ್ಟಾಬಾಲ್ 6.5. ಎಲ್ಲವೂ ಒಳ್ಳೆಯ ಮದ್ದುಗಳೇ. ರಿಲೋಡರ್ ಮತ್ತು ವಿಹ್ತಾವುವೊರಿ ನಮ್ಮೂರಿನಲ್ಲಿ ಅಪರೂಪವಾಗಿದ್ದವು. ಆನ್‌ಲೈನಿನಲ್ಲಿ ತರಿಸಿದರೆ ಅಪಾಯಕಾರಿ ಸರಕಿನ ಸಾಗಣೆ ಶುಲ್ಕ ಬೇರೆ ಸೇರಿ, ಒಂದೇ ಡಬ್ಬಿ ತರಿಸುವವನಿಗೆ ಲೆಕ್ಕ ಕೂಡುವುದಿಲ್ಲ. ಹಂಟರ್ ಮತ್ತು ಸ್ಟಾಬಾಲ್ ಗುಂಡನೆಯ ಕಾಳಿನ ಮದ್ದುಗಳು. ಅಳತೆಯ ಯಂತ್ರದಲ್ಲಿ ಅವು ರಾಗಿಯಂತೆ ಸರಾಗವಾಗಿ ಇಳಿಯುತ್ತವೆ. ಇಂಥ ಮದ್ದಿಗೆ ಹೆಚ್ಚು ಬಿಸಿಯ ಮ್ಯಾಗ್ನಮ್ ಕೇಪನ್ನು ತೋಟಾ ತುಂಬುವವರ ಕೈಪಿಡಿಗಳು ಸೂಚಿಸುವುದುಂಟು. ಆ ವರ್ಷ ಕೇಪಿಗೂ ಬರವಿತ್ತು, ನನ್ನ ಬಳಿ ಇದ್ದದ್ದು ಸಾಮಾನ್ಯ ಕೇಪುಗಳು. ಮದ್ದನ್ನು ಒಂದೇ ಬಿಡಿ ವಸ್ತುವಾಗಿ ನೋಡದೆ, ಕೇಪು, ಗುಂಡು, ಹಿತ್ತಾಳೆ ಕೇಸು ಇವುಗಳ ಜೊತೆಗೆ ಸೇರಿಸಿ ನೋಡಬೇಕು ಎಂಬುದು ನನಗೆ ಆಗ ಸ್ಪಷ್ಟವಾಯಿತು.

ಐಎಂಆರ್ 4350 ಹೊಸ ಮದ್ದಲ್ಲ. ಡ್ಯೂಪಾಂಟ್ ಕಂಪನಿಯ ಕಾಲದಿಂದ ಬಂದದ್ದು; ಐಎಂಆರ್ ಎಂದರೆ ಇಂಪ್ರೂವ್ಡ್ ಮಿಲಿಟರಿ ರೈಫಲ್. .30-06 ತೋಟಾಕ್ಕೆ, 165 ಗ್ರೇನ್ ಗುಂಡಿಗೆ, ಈ ಮದ್ದಿನ ಆರಂಭದ ತೂಕ ಮತ್ತು ಮೀರಬಾರದ ತೂಕ ಎರಡೂ ನನ್ನ ಕಪಾಟಿನಲ್ಲಿದ್ದ ಪ್ರತಿಯೊಂದು ಕೈಪಿಡಿಯಲ್ಲೂ ಇದ್ದವು. ನಾನು ಇದನ್ನೇ ಆರಿಸಲು ಮುಖ್ಯ ಕಾರಣ ಇದು. ಉರಿಯುವ ವೇಗದ ಪಟ್ಟಿಯಲ್ಲಿ ಎಚ್4350 ಪಕ್ಕದಲ್ಲಿ ಯಾವ ಹೆಸರಿದೆಯೋ ಅದನ್ನು ಕೊಳ್ಳುವವರು ಬಹಳ. ಆ ಪಟ್ಟಿ ಯಾವುದು ಮೊದಲು, ಯಾವುದು ನಂತರ ಎಂಬ ಸರದಿಯನ್ನಷ್ಟೇ ಹೇಳುತ್ತದೆ. ಎರಡು ಹೆಸರುಗಳ ನಡುವಿನ ಅಂತರ ಕೂದಲೆಳೆಯಷ್ಟೋ ಗಾವುದದಷ್ಟೋ ಎಂಬುದನ್ನು ಅದು ಹೇಳುವುದಿಲ್ಲ. ಕೇಸಿನ ಆಕಾರ ಮತ್ತು ಗುಂಡಿನ ತೂಕ ಬದಲಾದರೆ ಆ ಸರದಿಯೂ ಕದಲಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಎಚ್4350, ಐಎಂಆರ್ 4350, ಆಕ್ಯುರೇಟ್ 4350 ಇವು ಮೂರು ಬೇರೆ ಬೇರೆ ಮದ್ದುಗಳು. ನಾನು ಡಬ್ಬಿ ಕೊಂಡ ಅಂಗಡಿಯ ಕೌಂಟರಿನಲ್ಲಿದ್ದಾತ, “ನಂಬರ್ ಒಂದೇ ತಾನೇ, ನಿಮ್ಮ ಹಳೆಯ ತೂಕವನ್ನೇ ಹಾಕಿ” ಎಂದ. ಆ ಮಾತು ಕೇಳಿ ನನಗೆ ನಿಜಕ್ಕೂ ಕೋಪ ಬಂದಿತು, ಏಕೆಂದರೆ ಹೊಸಬನೊಬ್ಬ ಅದನ್ನು ನಂಬಿ ಮನೆಗೆ ಹೋಗುವುದು ಅಸಾಧ್ಯವೇನಲ್ಲ. 4831ರ ಉದಾಹರಣೆ ನೋಡಿ: ಐಎಂಆರ್ 4831 ಮದ್ದು ಎಚ್4831ಕ್ಕಿಂತ ಬೇಗ ಉರಿಯುತ್ತದೆ, ಎಚ್4831ರ ಗರಿಷ್ಠ ತೂಕವನ್ನು ಅದಕ್ಕೆ ಹಾಕಿದರೆ ಒತ್ತಡ ಮಿತಿ ಮೀರುತ್ತದೆ. .30-06 ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡ್. ಅಷ್ಟು ಒತ್ತಡವನ್ನು ನಾವು ಕೆನ್ನೆಯ ಪಕ್ಕದಲ್ಲೇ ಇಟ್ಟುಕೊಂಡು ಕೋವಿಯ ಕುದುರೆ ಎಳೆಯುತ್ತೇವೆ. ಆದ್ದರಿಂದ ನಾನು ಹಾಕುವ ತೂಕವನ್ನು ಈ ವಿಮರ್ಶೆಯಲ್ಲಿ ಬರೆಯುತ್ತಿಲ್ಲ. ನಿಮ್ಮ ಗುಂಡಿಗೆ ಹೊಂದುವ ಇತ್ತೀಚಿನ ಕೈಪಿಡಿಯಲ್ಲಿ ಕೊಟ್ಟಿರುವ ಆರಂಭದ ತೂಕದಿಂದಲೇ ಹೊರಡಬೇಕು. ಮದ್ದು ಉಳಿಸುವ ಆಸೆಯಿಂದ ಅದಕ್ಕಿಂತ ಕೆಳಗೆ ಹೋಗಲೂಬಾರದು. ನಿಧಾನವಾಗಿ ಉರಿಯುವ ಮದ್ದನ್ನು ದೊಡ್ಡ ಕೇಸಿನಲ್ಲಿ ತೀರಾ ಕಡಿಮೆ ಹಾಕಿದರೆ ಒತ್ತಡದ ನಡವಳಿಕೆ ಊಹೆಗೆ ಸಿಗುವುದಿಲ್ಲ.

ಬಳಕೆಯ ವಿಷಯಕ್ಕೆ ಬರುತ್ತೇನೆ. ಐಎಂಆರ್ 4350 ಕಡ್ಡಿಯಾಕಾರದ ಮದ್ದು, ಅದರ ಕಡ್ಡಿಗಳು ಉದ್ದ. ಎಚ್4350ರ ಗಿಡ್ಡ ಕಡ್ಡಿಗಳಿಗೆ ಒಗ್ಗಿದ ಕೈಗೆ ಇದು ಮೊದಲು ಒರಟಾಗಿ ಕಾಣುತ್ತದೆ. ಅಳತೆ ಯಂತ್ರದ ಹಿಡಿಯನ್ನು ಎಳೆದಾಗ ಕಡ್ಡಿ ಕತ್ತರಿಸುವ ಕರಕರ ಸದ್ದು ಕೇಳುತ್ತದೆ, ತೂಕವೂ ಒಂದೊಂದು ಸಲ ಒಂದೊಂದು ರೀತಿ ಬರುತ್ತದೆ. ನಾನು ಯಂತ್ರದಿಂದ ಸ್ವಲ್ಪ ಕಡಿಮೆ ಇಳಿಸಿ, ಉಳಿದದ್ದನ್ನು ತಕ್ಕಡಿಯ ಮೇಲೆ ಚಿಟಿಕೆ ಚಿಟಿಕೆಯಾಗಿ ಕೂಡಿಸುತ್ತೇನೆ. ಮೊದಲ ವರ್ಷ ಒಂದು ರಾತ್ರಿ, ಆಲಿಕೆಯ ಕತ್ತಿನಲ್ಲಿ ಕಡ್ಡಿಗಳು ಅಡ್ಡ ಸಿಕ್ಕಿಕೊಂಡು ನಿಂತವು. ನಾನು ಗಮನಿಸದೆ ಆಲಿಕೆಯನ್ನು ಮುಂದಿನ ಕೇಸಿಗೆ ಸರಿಸಿದೆ. ಅಲ್ಲಿ ಸಡಿಲಗೊಂಡ ಮದ್ದು ತುಂಬಿ ಮೇಜಿನ ಮೇಲೆಲ್ಲ ಚೆಲ್ಲಿತು. ಐವತ್ತು ಕೇಸುಗಳ ಹಲಗೆಯ ಮೇಲೆ ಟಾರ್ಚ್ ಬೆಳಕು ಹಾಯಿಸಿ ನೋಡಿದಾಗ ಹಿಂದಿನ ಕೇಸಿನಲ್ಲಿ ಮಾತ್ರ ಮದ್ದು ಭುಜದ (ಕೇಸು ಕತ್ತಿನತ್ತ ಕಿರಿದಾಗುವ ಜಾಗದ) ಕೆಳಗೆ ಕತ್ತಲಲ್ಲಿ ಕುಳಿತಿತ್ತು. ಎರಡನ್ನೂ ಬರಿದು ಮಾಡಿ ಮತ್ತೆ ತುಂಬಿದೆ. ಅಂದಿನಿಂದ ಅಗಲ ಕತ್ತಿನ ಆಲಿಕೆ ಬಳಸುತ್ತೇನೆ, ಬೆರಳಿನಿಂದ ಎರಡು ಸಲ ತಟ್ಟುತ್ತೇನೆ, ಟಾರ್ಚ್ ಹಾಯಿಸದೆ ಒಂದು ಗುಂಡನ್ನೂ ಕೂರಿಸುವುದಿಲ್ಲ. ಈ ಮದ್ದು .30-06 ಕೇಸನ್ನು ಬಹುಪಾಲು ತುಂಬಿಬಿಡುತ್ತದೆ, ಎರಡು ಪಟ್ಟು ಹಾಕಿದರೆ ಉಕ್ಕಿ ಚೆಲ್ಲುತ್ತದೆ, ಹಾಗಾಗಿ ಕಣ್ತಪ್ಪಿ ಎರಡು ಸಲ ತುಂಬುವ ಅಪಾಯ ಇಲ್ಲಿಲ್ಲ. ಇದನ್ನು ನಾನು ದೊಡ್ಡ ಗುಣವೆಂದೇ ಎಣಿಸುತ್ತೇನೆ.

ಕೊಡಗಿನ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿಯಿತ್ತು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅದಕ್ಕೆ ತೋಕ್ ಹೂವಿಟ್ಟು (ತೋಕ್ ಎಂದರೆ ಕೋವಿ) ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಿದ್ದರು. ಅಜ್ಜ ಕರಿಮದ್ದನ್ನು ಹಿತ್ತಾಳೆಯ ಕೊಳವೆಯಲ್ಲಿ ಅಳೆದು ನಳಿಗೆಗೆ ಸುರಿಯುತ್ತಿದ್ದುದನ್ನು ಹತ್ತಿರ ನಿಂತು ನೋಡಿದವನು ನಾನು. ಕರಿಮದ್ದಿಗೆ ಕೊಳವೆಯ ಅಳತೆ ಸಾಕು. ಹೊಗೆರಹಿತ ಮದ್ದಿಗೆ ತಕ್ಕಡಿಯೇ ಬೇಕು. ಊರಿನ ಕೋವಿಯ ರೂಢಿಯಿಂದ ಇಲ್ಲಿಗೆ ಬಂದು ಈ ಕೆಲಸಕ್ಕೆ ಕೈಹಾಕುವ ನಮ್ಮವರಿಗೆ ಈ ವ್ಯತ್ಯಾಸ ಮೊದಲ ದಿನವೇ ತಿಳಿದಿರಬೇಕು ಎಂದು ಇದನ್ನು ಬರೆದೆ.

ಎಚ್4350ಕ್ಕೆ ಅಷ್ಟು ಹೆಸರು ಬಂದಿರುವುದು ಬಿಸಿಲಿಗೂ ಚಳಿಗೂ ಅದರ ವೇಗ ಹೆಚ್ಚು ಬದಲಾಗದ ಕಾರಣಕ್ಕೆ. ಹಳೆಯ ಬಗೆಯ ಐಎಂಆರ್ 4350ಕ್ಕೆ ಆ ಗುಣ ಅಷ್ಟಿಲ್ಲ. ಬಾಯ್ಸಿಯ ಜುಲೈ ಬಿಸಿಲು ಸುಮಾರು 38 ಡಿಗ್ರಿ ಸೆಲ್ಸಿಯಸ್. ಅಕ್ಟೋಬರಿನ ಬೆಳಗ್ಗೆ ಬೆಟ್ಟದ ಮೇಲೆ ನೀರಿನ ಬಾಟಲಿ ಹೆಪ್ಪುಗಟ್ಟಿರುತ್ತದೆ. ಗುಂಡಿನ ವೇಗ ಅಳೆಯುವ ನನ್ನ ಕ್ರೋನೋಗ್ರಾಫಿನಲ್ಲಿ ಈ ಎರಡರ ನಡುವೆ ಸೆಕೆಂಡಿಗೆ ಸುಮಾರು 60 ಅಡಿಗಳ ವೇಗ ಇಳಿಯಿತು. ಕಾಗದದ ಮೇಲೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ. ಆದರೆ ಲೆಕ್ಕ ಹಾಕಿದರೆ 200 ಗಜದಲ್ಲಿ ಗುಂಡು ಅರ್ಧ ಅಂಗುಲ, 300 ಗಜದಲ್ಲಿ ಒಂದು ಅಂಗುಲದಷ್ಟು ಕೆಳಗೆ ಬೀಳುತ್ತದೆ, ಅಷ್ಟೆ. 300 ಗಜದಾಚೆಗೆ ನಾನು ಪ್ರಾಣಿಗೆ ಗುರಿಯಿಡುವುದಿಲ್ಲ. ಜಿಂಕೆಯ ಎದೆಗೂಡಿನ ಮರ್ಮಸ್ಥಾನದ ಅಗಲದ ಮುಂದೆ ಆ ಒಂದು ಅಂಗುಲ ಲೆಕ್ಕಕ್ಕೆ ಬರುವುದಿಲ್ಲ. ಸಾವಿರ ಗಜದ ಸ್ಪರ್ಧೆಗೆ ಹೋಗುವವರ ಮಾತು ಬೇರೆ, ಅವರಿಗೆ ನಾನು ಈ ಮದ್ದನ್ನು ಸೂಚಿಸುವುದಿಲ್ಲ.

ಚಳಿಗಿಂತ ಹೆಚ್ಚು ಯೋಚಿಸಬೇಕಾದದ್ದು ಬಿಸಿಲಿನ ಬಗ್ಗೆ. ಚಳಿಗಾಲದಲ್ಲಿ ಪರೀಕ್ಷಿಸಿ ಗರಿಷ್ಠದ ಅಂಚಿಗೆ ತಂದು ನಿಲ್ಲಿಸಿದ ತೋಟಾ ಬೇಸಿಗೆಯಲ್ಲಿ ಆ ಅಂಚನ್ನು ದಾಟಬಹುದು. ಆದ್ದರಿಂದ ನಾನು ತೂಕ ಏರಿಸಿ ನೋಡುವ ಕೆಲಸವನ್ನು ಜುಲೈನಲ್ಲೇ ಮಾಡಿದೆ. ಗುಂಡು ಹಾರಿಸಿದ ಮೇಲೆ ಬೋಲ್ಟ್ (ಕೋವಿಯ ಹಿಂಬದಿಯನ್ನು ಮುಚ್ಚುವ ಅಗುಳಿ) ಎತ್ತುವಾಗ ಬಿಗಿಯಾಗುವುದು, ಕೇಸಿನ ಹಿಂಬದಿಯಲ್ಲಿ ಹೊಳೆಯುವ ಗುರುತು ಮೂಡುವುದು ಇಂಥ ಯಾವ ಲಕ್ಷಣವೂ ಕಾಣದ, ಗರಿಷ್ಠಕ್ಕಿಂತ ಸಾಕಷ್ಟು ಕೆಳಗಿನ ತೂಕದಲ್ಲಿ ನಿಲ್ಲಿಸಿದೆ. ಅಲ್ಲಿ ಮೂರು ಗುಂಡುಗಳು 100 ಗಜದಲ್ಲಿ ಒಂದು ಅಂಗುಲದೊಳಗೆ ಕೂಡುತ್ತವೆ. ತೋಟಾಗಳನ್ನು ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಡುವುದಿಲ್ಲ. ಎರಡನೆಯ ಡಬ್ಬಿ ತಂದಾಗ ಲಾಟ್ ಸಂಖ್ಯೆ (ಒಂದು ಸಲಕ್ಕೆ ತಯಾರಾದ ಸರಕಿನ ಗುರುತು) ಬದಲಾಗಿತ್ತು. ಮತ್ತೆ ಕೆಳಗಿನಿಂದ ಶುರುಮಾಡಿದೆ, ವ್ಯತ್ಯಾಸ ಅಲ್ಪವಾಗಿತ್ತು.

ಎಷ್ಟು ಕೊಳ್ಳಬೇಕು ಎಂದು ಗೆಳೆಯರು ಕೇಳುತ್ತಾರೆ. ಒಂದು ಪೌಂಡಿಗೆ 7,000 ಗ್ರೇನ್; .30-06ರಲ್ಲಿ ಅದರಿಂದ ನೂರಿಪ್ಪತ್ತರಷ್ಟು ತೋಟಾಗಳಾಗುತ್ತವೆ. ಅಭ್ಯಾಸ, ಗುರಿ ಸರಿಪಡಿಸುವುದು, ಶಿಕಾರಿ ಎಲ್ಲ ಸೇರಿ ನನಗೆ ವರ್ಷಕ್ಕೆ ಎಂಬತ್ತು ಸಾಕು. ಕೊರತೆಯ ಗಾಬರಿಯಲ್ಲಿ ಎಂಟು ಪೌಂಡಿನ ಡಬ್ಬಿಗಳನ್ನು ಸಾಲಾಗಿ ಪೇರಿಸಿದವರನ್ನು ನೋಡಿದ್ದೇನೆ, ಕೊರತೆ ಬೆಳೆಯುವುದರಲ್ಲಿ ಅವರ ಪಾಲೂ ಇದೆ. ಮನೆಯಲ್ಲಿ ಮೂಲ ಡಬ್ಬಿಯಲ್ಲೇ 20 ಪೌಂಡಿನವರೆಗೆ ಇಡಲು ಇಲ್ಲಿನ ಅಗ್ನಿಸುರಕ್ಷತಾ ಸಂಹಿತೆ ಅವಕಾಶ ಕೊಡುತ್ತದೆ, ಅದಕ್ಕೂ ಹೆಚ್ಚಾದರೆ ಒಂದು ಅಂಗುಲ ದಪ್ಪದ ಮರದ ಪೆಟ್ಟಿಗೆ ಬೇಕು. ತೆರೆದ ಹಳೆಯ ಡಬ್ಬಿಯನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಒಳಗಿರುವುದು ಹೊರಗೆ ಬರೆದದ್ದೇ ಎಂಬುದಕ್ಕೆ ಖಾತ್ರಿಯಿಲ್ಲ, ಹುಳಿ ಘಾಟು ಅಥವಾ ತುಕ್ಕಿನ ಬಣ್ಣದ ಧೂಳು ಕಂಡರೆ ಆ ಮದ್ದು ಕೆಟ್ಟಿದೆ ಎಂದೇ ಅರ್ಥ.

ಈ ಮದ್ದಿನಲ್ಲಿ ಮೂರು ವರ್ಷಗಳಲ್ಲಿ ಮೂರು ಜಿಂಕೆಗಳಾಗಿವೆ. ಅತ್ಯಂತ ದೂರದ್ದು 240 ಗಜ, ಕಳೆದ ಅಕ್ಟೋಬರಿನಲ್ಲಿ, ಹಿಮ ಬಿದ್ದ ಇಳಿಜಾರಿನಲ್ಲಿ. ಒಂದೇ ಗುಂಡು, ಜಿಂಕೆ ಹತ್ತು ಹೆಜ್ಜೆಯೊಳಗೆ ಬಿತ್ತು. ಹೋದ ತಿಂಗಳು ಅದೇ ಅಂಗಡಿಯ ಕಪಾಟಿನಲ್ಲಿ ಎಚ್4350 ಮತ್ತೆ ಎರಡು ಡಬ್ಬಿ ಕಂಡೆ. ಕೈಗೆತ್ತಿಕೊಂಡು ನೋಡಿ ಅಲ್ಲೇ ಇಟ್ಟು ಬಂದೆ. ನನ್ನ ಕೋವಿಯ ಗುರಿ ಈಗ ಐಎಂಆರ್ 4350ಕ್ಕೆ ಕೂತಿದೆ, ಡಬ್ಬಿಯಲ್ಲಿ ಇನ್ನೂ ಎರಡು ವರ್ಷಕ್ಕೆ ಆಗುವಷ್ಟು ಮದ್ದಿದೆ.