ಎರಡು ದಿನದ ವಿಡಿಯೊ ಶಿಬಿರ: ಮಕ್ಕಳಿಗೆ ಪೂರ್ತಿ ಅಂಕ, ನಡೆಸಿದವರಿಗೆ ಸ್ವಲ್ಪ ಕಮ್ಮಿ

ಬೇಸಿಗೆ ರಜೆಯಲ್ಲಿ ಮಗಳನ್ನು ಇಲ್ಲೇ ಮೈಸೂರಿನಲ್ಲಿ ಒಂದು ವಿಡಿಯೊ ಶಿಬಿರಕ್ಕೆ ಕಳಿಸಿದ್ದೆ. ಶನಿವಾರ, ಭಾನುವಾರ ಎರಡೇ ದಿನ. ಮಧ್ಯಾಹ್ನದ ಊಟ ಸೇರಿ 1,200 ರೂಪಾಯಿ. ಎಂಟರಿಂದ ಹತ್ತನೇ ಕ್ಲಾಸಿನ 16 ಮಕ್ಕಳು, ನಾಲ್ಕು ಗುಂಪು. ಒಂದೊಂದು ಗುಂಪೂ ಸೈಬರ್ ಬುಲ್ಲಿಯಿಂಗ್, ಅಂದರೆ ಫೋನ್, ಇಂಟರ್ನೆಟ್‌ನಲ್ಲಿ ಒಬ್ಬರನ್ನು ಗೇಲಿ ಮಾಡಿ ಕಾಡುವುದರ ಬಗ್ಗೆ 90 ಸೆಕೆಂಡಿನ ವಿಡಿಯೊ ಮಾಡಬೇಕು. ಕ್ಯಾಮೆರಾ ಬೇಡ, ಫೋನ್ ಸಾಕು. ಹೇಗೂ ಮನೆಯಲ್ಲಿ ಫೋನ್ ಹಿಡಿದೇ ಕೂತಿರುತ್ತಾಳೆ, ಅಲ್ಲಿ ಹೋಗಿ ಹಿಡಿಯಲಿ ಅಂತ ಕಳಿಸಿದ್ದು. ದೊಡ್ಡ ಉದ್ದೇಶವೇನೂ ಇರಲಿಲ್ಲ.

ಮೊದಲ ದಿನ ಬೆಳಗ್ಗೆ ನಾಲ್ಕೂ ಗುಂಪಿನವರು ಒಂದೇ ಕಥೆ ಬರೆದರಂತೆ. ಕತ್ತಲೆ ಕೋಣೆ, ಮೂಲೆಯಲ್ಲಿ ಅಳುವ ಹುಡುಗಿ, ಹಿಂದೆ ನಗುವ ಸದ್ದು, ಕೊನೆಯಲ್ಲಿ ಕೈಯಲ್ಲೊಂದು ಬೋರ್ಡ್. ಹೇಳಿಕೊಡುತ್ತಿದ್ದ ಸರ್ ನಾಲ್ಕೂ ಹಾಳೆ ವಾಪಸ್ ಕೊಟ್ಟು, 'ಇದನ್ನ ನೀವು ಎಲ್ಲಾದ್ರೂ ನೋಡಿದ್ದೀರಾ? ನೋಡಿದ್ದನ್ನ ಬರೀರಿ. ಯಾರ ಹೆಸರೂ ಬೇಡ' ಅಂದರಂತೆ. ಅರ್ಧ ಗಂಟೆ ಯಾರೂ ಪೆನ್ ಎತ್ತಲಿಲ್ಲ.

ಆಮೇಲೆ ಬಂದವು ನೋಡಿ. ಕ್ಲಾಸಿನ ವಾಟ್ಸಾಪ್ ಗ್ರೂಪ್‌ನಲ್ಲಿ ಒಬ್ಬನನ್ನು ಮಾತ್ರ ಬಿಟ್ಟು ಇನ್ನೊಂದು ಗ್ರೂಪ್ ಮಾಡುವುದು. ಸ್ಕೂಲಿನ ಹೆಸರಲ್ಲಿ ಇನ್‌ಸ್ಟಾಗ್ರಾಂನಲ್ಲಿ ಒಂದು 'ಕನ್ಫೆಷನ್' ಪೇಜ್ ತೆರೆದು, ಹೆಸರಿಲ್ಲದೆ ಹುಡುಗಿಯರ ಬಗ್ಗೆ ಬರೆಯುವುದು. ಆನ್‌ಲೈನ್ ಆಟದಲ್ಲಿ ಸೋತವನಿಗೆ ಅವನ ಅಪ್ಪನ ಕೆಲಸ ಹಿಡಿದು ಬೈಯುವುದು. ಮತ್ತೆ ಸ್ಟಿಕ್ಕರ್.

ಸ್ಟಿಕ್ಕರ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಯಾರದೋ ಫೋಟೊ, ಆಕಳಿಸುವಾಗಲೋ ಊಟ ಮಾಡುವಾಗಲೋ ತೆಗೆದದ್ದು, ಅದರಿಂದ ಮುಖ ಮಾತ್ರ ಕತ್ತರಿಸಿ ವಾಟ್ಸಾಪ್ ಸ್ಟಿಕ್ಕರ್ ಮಾಡುತ್ತಾರೆ. ಯಾರೂ ಒಂದು ಕೆಟ್ಟ ಮಾತು ಬರೆಯುವುದಿಲ್ಲ. ಗುಡ್ ಮಾರ್ನಿಂಗ್‌ಗೂ ಅದೇ ಮುಖ, ಹೋಂವರ್ಕ್ ಕೇಳಿದರೂ ಅದೇ ಮುಖ. ಮೊದಲು ಕಳಿಸಿದವನು ಡಿಲೀಟ್ ಮಾಡಿದರೂ ಸೇವ್ ಮಾಡಿಕೊಂಡವರ ಫೋನಿನಲ್ಲಿ ಅದು ಇದ್ದೇ ಇರುತ್ತದೆ. ಟೀಚರಿಗೆ ಹೇಳೋಣ ಅಂದರೆ ಏನಂತ ಹೇಳುವುದು? ಬೈದಿದ್ದಾರಾ? ಇಲ್ಲ. ಬೆದರಿಸಿದ್ದಾರಾ? ಅದೂ ಇಲ್ಲ.

ನನ್ನ ಮಗಳ ಗುಂಪು ಇದನ್ನೇ ತೆಗೆದುಕೊಂಡಿತು. ವಿಡಿಯೊದಲ್ಲಿ ಯಾರ ಮುಖವೂ ಕಾಣುವುದಿಲ್ಲ. ಡೆಸ್ಕಿನ ಮೇಲೆ ಒಂದು ಫೋನ್. ಒಂದು ಸಲ ಗುರ್ ಅನ್ನುತ್ತದೆ. ಮತ್ತೆ ಎರಡು ಸಲ. ಆಮೇಲೆ ನಿಲ್ಲುವುದೇ ಇಲ್ಲ, ಅದುರುತ್ತಾ ಅದುರುತ್ತಾ ಡೆಸ್ಕಿನ ಅಂಚಿಗೆ ಬರುತ್ತದೆ. ಬೀಳುವ ಮೊದಲು ಒಂದು ಕೈ ಹಿಡಿದುಕೊಳ್ಳುತ್ತದೆ. ಪರದೆಯ ಮೇಲೆ ಒಂದೇ ಮೆಸೇಜು: 'ನಾಳೆ ನನ್ ಪಕ್ಕ ಕೂತ್ಕೊ.' ಅಷ್ಟೇ. ಫ್ಯಾನ್ ಸದ್ದು ಸ್ವಲ್ಪ ಜಾಸ್ತಿ ಕೇಳುತ್ತದೆ, ಒಂದು ಕಡೆ ಬೆಳಕೂ ಸರಿಯಿಲ್ಲ. ಆದರೂ ನಾನು ಮೂರು ಸಲ ನೋಡಿದೆ.

ಭಾನುವಾರ ರಾತ್ರಿ ಊಟ ಮಾಡುತ್ತಾ ಅವಳೇ ಹೇಳಿದಳು, 'ಅಮ್ಮಾ, ಆ ಸ್ಟಿಕ್ಕರ್ ನಾನೂ ಸೇವ್ ಮಾಡ್ಕೊಂಡಿದ್ದೆ.' ಆ ಹುಡುಗಿಗೆ ಸಾರಿ ಕೇಳಿದ್ಯಾ ಅಂದೆ. ಇನ್ನೂ ಇಲ್ಲ ಅಂದಳು. ನಾನು ಭಾಷಣ ಮಾಡಿದ್ದರೆ ಇಷ್ಟು ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಕೊಟ್ಟ ದುಡ್ಡಿಗೆ ಇಷ್ಟೇ ಸಾಕು ನನಗೆ.

ಈಗ ತಕರಾರು.

ನಾನು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಕೆಲಸ ಮಾಡುವವಳು. ಮಕ್ಕಳಿಗೆ ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ 'ಐಟಿ ಕಾಯ್ದೆ ಸೆಕ್ಷನ್ 66ಎ ಪ್ರಕಾರ ಮೂರು ವರ್ಷ ಜೈಲು' ಅಂತಿತ್ತು. ಆನ್‌ಲೈನ್‌ನಲ್ಲಿ ಮನನೋಯಿಸುವ ಮೆಸೇಜ್ ಕಳಿಸಿದವರಿಗೆ ಶಿಕ್ಷೆ ಹೇಳುತ್ತಿದ್ದ ಆ ಸೆಕ್ಷನ್ ಈಗ ಇಲ್ಲವೇ ಇಲ್ಲ! 2015ರ ಮಾರ್ಚ್ 24ರಂದು, ಶ್ರೇಯಾ ಸಿಂಘಾಲ್ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದೆ. ಪೊಲೀಸರೇ ಇನ್ನೂ ಅದರಡಿ ಕೇಸು ಹಾಕುತ್ತಿದ್ದಾರಲ್ಲ ಅಂತ 2021ರಲ್ಲಿ ಕೋರ್ಟಿಗೇ ಗಾಬರಿಯಾಗಿತ್ತು, ಇನ್ನು ಶಿಬಿರದವರನ್ನು ಏನನ್ನುವುದು. ಆದರೆ ಒಂದು ಗುಂಪಿನ ಮಕ್ಕಳು ಅದನ್ನೇ ನಂಬಿ ವಿಡಿಯೊದಲ್ಲಿ ಜೋರಾಗಿ ಹೇಳಿದ್ದರು. ಪಾಪ, ಆ ಸಾಲನ್ನು ಮತ್ತೆ ಡಬ್ ಮಾಡಬೇಕಾಯಿತು. ಎಲ್ಲರ ವಿಡಿಯೊ ಕೊನೆಗೂ 1930 ನಂಬರ್ ಹಾಕಿಸಿದ್ದರು. ಅದು ಮುಖ್ಯವಾಗಿ ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡವರಿಗೆ. ಮಕ್ಕಳ ವಿಡಿಯೊಗೆ 1098 ಹಾಕಬೇಕಿತ್ತು, ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಯಾವಾಗ ಬೇಕಾದರೂ ಫ್ರೀಯಾಗಿ ಮಾಡಬಹುದು. ದೂರು ಕೊಡಲೇಬೇಕು ಅಂದರೆ ಜಿಲ್ಲೆಯಲ್ಲಿ ಸೆನ್ ಠಾಣೆ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಪೊಲೀಸ್ ಠಾಣೆ) ಇದೆ, ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ಹೆಂಗಸರು, ಮಕ್ಕಳ ವಿಷಯಕ್ಕೆ ಬೇರೆ ವಿಭಾಗ ಇದೆ.

ಎರಡನೇ ತಕರಾರು ಇದಕ್ಕಿಂತ ದೊಡ್ಡದು. ಸೋಮವಾರ ನಾಲ್ಕೂ ವಿಡಿಯೊಗಳನ್ನು ಅವರ ಚಾನೆಲ್‌ಗೆ ಹಾಕಿದರು, ಕಾಮೆಂಟ್ ಬಾಗಿಲು ತೆರೆದೇ ಇಟ್ಟು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಗುಂಪಿನ ಹುಡುಗಿಯ ಹಲ್ಲಿನ ಬಗ್ಗೆ ಯಾರೋ ಬರೆದಿದ್ದರು. ಅದಕ್ಕೆ ಹನ್ನೊಂದು ನಗುವ ಮುಖಗಳು. ಸೈಬರ್ ಬುಲ್ಲಿಯಿಂಗ್ ಬೇಡ ಅನ್ನುವ ವಿಡಿಯೊದ ಕೆಳಗೇ! ಫೋನ್ ಮಾಡಿದೆ. 'ಮೇಡಂ, ಕಾಮೆಂಟ್ ಇದ್ರೆ ರೀಚ್ ಚೆನ್ನಾಗಿರುತ್ತೆ' ಅಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಹುಡುಗಿಯ ಅಮ್ಮನೂ ಫೋನ್ ಮಾಡಿದ ಮೇಲೆ, ಮಂಗಳವಾರ ಸಂಜೆ, ಕಾಮೆಂಟ್ ಮುಚ್ಚಿದರು. ನಮ್ಮಿಂದ ಸಹಿ ಹಾಕಿಸಿಕೊಂಡ ಫಾರಂನಲ್ಲಿ ಇದ್ದದ್ದು ಒಂದೇ ಸಾಲು: 'ವಿಡಿಯೊ ಬಳಸಲು ಒಪ್ಪಿಗೆ ಇದೆ.' ಎಲ್ಲಿ, ಎಷ್ಟು ದಿನ, ಮುಖ ಕಾಣುತ್ತದಾ, ಯಾವುದೂ ಇಲ್ಲ. ಓದದೆ ಸಹಿ ಹಾಕಿದ್ದು ನಮ್ಮ ತಪ್ಪೂ ಹೌದು. ದಿನವೂ ಕಾಗದ ಪತ್ರ ಟೈಪ್ ಮಾಡುವ ನಾನೇ ಓದಿರಲಿಲ್ಲ.

ಊಟ ಚೆನ್ನಾಗಿತ್ತಂತೆ, ಪುಳಿಯೋಗರೆ ಎರಡು ಸಲ ಹಾಕಿಸಿಕೊಂಡಳಂತೆ. ಎಡಿಟಿಂಗ್ ಕಲಿಸಿದ್ದು ಕಡಿಮೆ. ಅದನ್ನು ಈ ಮಕ್ಕಳಿಗೆ ಯಾರೂ ಕಲಿಸಬೇಕಾಗಿಯೂ ಇಲ್ಲ ಬಿಡಿ.

5ಕ್ಕೆ ಮೂರೂವರೆ ಸ್ಟಾರ್. ಹಾಳೆ ವಾಪಸ್ ಕೊಟ್ಟ ಆ ಸರ್‌ಗೆ ಮೂರು, ಪುಳಿಯೋಗರೆಗೆ ಅರ್ಧ. ದಸರಾ ರಜೆಯಲ್ಲಿ ಮತ್ತೆ ಮಾಡುತ್ತಾರಂತೆ, ತಂಗಿ ಮಗನನ್ನು ಕಳಿಸೋಣ ಅಂತಿದ್ದೇನೆ. ಫಾರಂ ಈ ಸಲ ನಾನೇ ಟೈಪ್ ಮಾಡಿಕೊಡುತ್ತೇನೆ ಅಂತ ಅವರಿಗೆ ಹೇಳಿದ್ದೇನೆ. ನೋಡೋಣ ಅಂದಿದ್ದಾರೆ.