ಆರು ಹಾಡು, ಎರಡು ಕಾಫಿ, ಒಂದು ಅರ್ಥ್ ವೈರ್

ಮೊದಲೇ ಹೇಳಿಬಿಡುತ್ತೇನೆ, ಹಳೆ ರೆಕಾರ್ಡ್ ಕೇಳಿಸುವ ಆ ಕೋಣೆಯಲ್ಲಿ ಕುರ್ಚಿ ಚೆನ್ನಾಗಿಲ್ಲ. ಮದುವೆ ಮನೆಯಲ್ಲಿ ಹಾಕುವ ಪ್ಲಾಸ್ಟಿಕ್ ಕುರ್ಚಿ. ಮೂರು ಗಂಟೆ ಕೂತರೆ ಸೊಂಟ ಹಿಡಿಯುತ್ತದೆ. ಮೂರಕ್ಕೆ ಶುರು ಎಂದಿದ್ದರು, ಶುರುವಾದಾಗ ಮೂರೂ ಮುಕ್ಕಾಲು. ತಲೆಗೆ 300 ರೂಪಾಯಿ. ಅದರಲ್ಲಿ ಎರಡು ಕಾಫಿ, ಒಂದು ಪ್ಲೇಟ್ ಕೋಡುಬಳೆ ಸೇರಿದೆ. ಇಷ್ಟಾದರೂ ನಾನು ಮತ್ತೆ ಹೋಗುವವನೇ.

ಜಾಗ ಚಿಕ್ಕಮಗಳೂರು. ಕೆಳಗೆ ಕಾಫಿಪುಡಿ ಅಂಗಡಿ, ಮೇಲೆ ಒಂದು ಉದ್ದನೆಯ ಕೋಣೆ. ತಿಂಗಳ ಕೊನೆಯ ಭಾನುವಾರ ಅಲ್ಲಿ ಹಳೆ ರೆಕಾರ್ಡ್ ಹಾಕಿ ಕೇಳಿಸುತ್ತಾರೆ. ನಡೆಸುವವರು ಮೂವತ್ತು ವರ್ಷ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದವರು. ದೊರೆಗಳು ತೋಟ ಮಾರಿ ಹೋಗುವಾಗ ಬಂಗಲೆಯಲ್ಲಿದ್ದ ಎರಡು ಪೆಟ್ಟಿಗೆ ರೆಕಾರ್ಡು ಇವರ ಪಾಲಿಗೆ ಬಂತಂತೆ. ಆಮೇಲೆ ಇವರೇ ಹುಚ್ಚು ಹಿಡಿಸಿಕೊಂಡು ಇನ್ನಷ್ಟು ಕೂಡಿಸಿದ್ದಾರೆ. ಈ ಸಲದ ವಿಷಯ ಬ್ಲೂಸ್, ಅಮೆರಿಕದ ಕಪ್ಪು ಜನರ ನೋವಿನ ಹಾಡು. ಮೂಲದವರು ಹಾಡಿದ್ದು ಮೊದಲು, ಅದೇ ಹಾಡನ್ನು ಜಾಝ್, ಸೋಲ್, ರಾಕ್‌ನವರು ಹಾಡಿದ್ದು ಆಮೇಲೆ.

ನಾನು ಹಾಸನದಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವವನು. ಸುಟ್ಟ ಬೋರ್‌ವೆಲ್ ಮೋಟಾರು, ಫ್ಯಾನು, ಮಿಕ್ಸಿ. ನನಗೂ ಬ್ಲೂಸ್‌ಗೂ ಏನು ನಂಟು ಅಂತ ಕೇಳಬೇಡಿ. ಎಂಬತ್ತರ ದಶಕದಲ್ಲಿ ಒಬ್ಬ ಹಾಸ್ಟೆಲ್ ಹುಡುಗ ಟೇಪ್ ರೆಕಾರ್ಡರ್ ರಿಪೇರಿಗೆ ಕೊಟ್ಟ, ಒಳಗಿದ್ದ ಕ್ಯಾಸೆಟ್ ಸಮೇತ. ರಿಪೇರಿಯಾದ ಮೇಲೂ ಅವನು ಬರಲಿಲ್ಲ. ಕ್ಯಾಸೆಟ್ ನನ್ನದಾಯಿತು. ಈಗ ಟಿಕೆಟ್ ಮಾಡಿಸಿದ್ದು ಅಳಿಯ. ಎರಡು ಮಾಡಿಸಿದ್ದರಿಂದ ಹೆಂಡತಿಯೂ ಬಂದಳು. ಬೇಲೂರು ಮೇಲೆ ಬಸ್ಸು, ದಾರಿಯುದ್ದಕ್ಕೂ ಮಳೆ. ಇವಳಿಗೆ ಇಂಗ್ಲಿಷ್ ಹಾಡಿನ ಗಂಧಗಾಳಿ ಇಲ್ಲ. ಆದರೆ ನಮ್ಮ ಕಡೆ ಯಾರ ಮನೆ ಮದುವೆಯಾದರೂ ಸೋಬಾನೆ ಹೇಳೋಕೆ ಇವಳನ್ನೇ ಕರೆಯುತ್ತಾರೆ.

ಪ್ಲೇಯರ್ ಹಾಕಿದ ತಕ್ಷಣ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು. ಬೇರೆಯವರು ಅದೂ ಹಳೆಯ ರೆಕಾರ್ಡಿನ ಸೊಗಸು ಅಂದುಕೊಂಡು ತಲೆದೂಗುತ್ತಿದ್ದರು. ಅದು 50 ಹರ್ಟ್ಸ್ ಹಮ್, ಕರೆಂಟಿನ ಸದ್ದು. ಎದ್ದು ಹಿಂದೆ ಹೋಗಿ ನೋಡಿದೆ. ಪ್ಲೇಯರಿನಿಂದ ಬರುವ ಸಣ್ಣ ಅರ್ಥ್ ವೈರು ಆಂಪ್ಲಿಫೈಯರಿಗೆ ಸೇರಿರಲೇ ಇಲ್ಲ, ಸುಮ್ನೆ ನೇತಾಡುತ್ತಿತ್ತು. ಸ್ಕ್ರೂ ಸಡಿಲ ಮಾಡಿ ಸಿಕ್ಕಿಸಿದೆ, ಸದ್ದು ನಿಂತಿತು. "ಎರಡು ವರ್ಷದಿಂದ ಹೀಗೇ ಇತ್ತಲ್ಲ ಅಣ್ಣ!" ಅಂದರು ರೈಟರು. ಎರಡು ವರ್ಷ ಜನರಿಂದ ದುಡ್ಡು ತೆಗೆದುಕೊಂಡು ಕರೆಂಟು ಕೇಳಿಸಿದ್ದಾರೆ. ಒಂದು ಮಾತು ಮಾತ್ರ ಒಪ್ಪಬೇಕು, 50 ಹರ್ಟ್ಸ್ ಅಂದರೆ ಹೆಚ್ಚುಕಡಿಮೆ ಜಿ ಸ್ವರ. ಆ ಶ್ರುತಿಯ ಹಾಡು ಬಂದಿದ್ದರೆ ಶ್ರುತಿ ಪೆಟ್ಟಿಗೆ ಖರ್ಚು ಉಳಿಯುತ್ತಿತ್ತು.

ಮೊದಲ ಹಾಡು ಸೇಂಟ್ ಲೂಯಿಸ್ ಬ್ಲೂಸ್. ಡಬ್ಲ್ಯು.ಸಿ. ಹ್ಯಾಂಡಿ 1914ರಲ್ಲಿ ಅಚ್ಚು ಹಾಕಿಸಿದ್ದು. ನಾವು ಕೇಳಿದ್ದು 1925ರ ಬೆಸ್ಸಿ ಸ್ಮಿತ್ ದನಿಯಲ್ಲಿ. ಮೊದಲ ಗೆರೆಗೇ ಇವಳು ನನ್ನ ಮೊಣಕೈ ತಿವಿದಳು. "ರೀ, ಇದು ನಮ್ಮ ಭಜನೆ ಮನೆ ಪೆಟ್ಟಿಗೆ ಅಲ್ವಾ?" ಅಲ್ಲ ಅನ್ನೋಕೆ ಬಾಯಿ ತೆರೆದವನು ಸುಮ್ಮನಾದೆ. ಹೌದು, ಹಾರ್ಮೋನಿಯಂ. ಫ್ರೆಡ್ ಲಾಂಗ್‌ಶಾ ಎಂಬಾತ ನುಡಿಸಿದ್ದು. ಅದರ ಜತೆ ಇರುವುದು ಒಂದೇ ವಾದ್ಯ, ಲೂಯಿ ಆರ್ಮ್‌ಸ್ಟ್ರಾಂಗ್ ಊದಿದ ಕಾರ್ನೆಟ್ ಎಂಬ ತುತ್ತೂರಿ. ಆಗ ಅವನಿಗೆ ಇನ್ನೂ ಇಪ್ಪತ್ತಮೂರು, ಇಪ್ಪತ್ತನಾಲ್ಕು. ಬೆಸ್ಸಿ ಒಂದು ಸಾಲು ಹಾಡಿ ನಿಲ್ಲಿಸುತ್ತಾಳೆ, ಇವನು ಉತ್ತರ ಕೊಡುತ್ತಾನೆ. ಮಾತಿಗೆ ಮಾತು, ಆದರೆ ಒಬ್ಬರ ಮೇಲೊಬ್ಬರು ಬೀಳುವುದಿಲ್ಲ.

ಇಲ್ಲಿ ರೈಟರು ರೆಕಾರ್ಡ್ ನಿಲ್ಲಿಸಿ ಬ್ಲೂಸ್‌ನ ಲೆಕ್ಕ ಹೇಳಿದರು. ಮಾಮೂಲಿ ಬ್ಲೂಸ್‌ನಲ್ಲಿ ಹನ್ನೆರಡು ಬಾರ್, ಅಂದರೆ ಹನ್ನೆರಡು ಆವರ್ತ. ಮೂರು ಸಾಲು, ಸಾಲಿಗೆ ನಾಲ್ಕು. ಮೊದಲ ಸಾಲನ್ನೇ ಎರಡನೇ ಸಲವೂ ಹಾಡುತ್ತಾರೆ, ಮೂರನೆಯದು ಉತ್ತರ. ಪ್ರತಿ ಸಾಲಿನಲ್ಲೂ ಬಾಯಿಗೆ ಹೋಗುವುದು ಸುಮಾರು ಅರ್ಧ. ಉಳಿದ ಅರ್ಧ ವಾದ್ಯಕ್ಕೆ ಬಿಟ್ಟ ಜಾಗ. ಅದೇ ಸಾಲನ್ನು ಎರಡು ಸಲ ಯಾಕೆ ಹಾಡುತ್ತಾರೆ ಗೊತ್ತಾ ಎಂದು ಎಲ್ಲರನ್ನೂ ಕೇಳಿದರು. ಒಬ್ಬ ಹುಡುಗ ದುಃಖ ಒತ್ತಿ ಹೇಳೋಕೆ ಅಂದ. ಇವಳು ಕೂತಲ್ಲಿಂದಲೇ, "ಮೂರನೇ ಸಾಲು ನೆನಪು ಮಾಡಿಕೊಳ್ಳೋಕೆ ಟೈಮ್ ಬೇಕಲ್ಲ" ಅಂದಳು. ರೈಟರು ಸೂಜಿ ಹಿಡಿದುಕೊಂಡೇ ಹಾಗೇ ನಿಂತರು. ಸೋಬಾನೆಯಲ್ಲಿ ಮುಂದಿನವರು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ. ಅಷ್ಟರಲ್ಲಿ ಮುಂದಿನವಳು ಹೊಸ ಸಾಲು ಕಟ್ಟಿರಬೇಕು. ಇವಳು ನಲವತ್ತು ವರ್ಷದಿಂದ ಮಾಡುತ್ತಿರುವುದೇ ಅದು.

ಅದೇ ಹಾಡನ್ನು ಆರ್ಮ್‌ಸ್ಟ್ರಾಂಗ್ 1954ರಲ್ಲಿ, ಹ್ಯಾಂಡಿ ಹಾಡುಗಳದ್ದೇ ಒಂದು ರೆಕಾರ್ಡ್ ಮಾಡಿದಾಗ, ಮತ್ತೆ ನುಡಿಸಿದ. ಮೂರು ನಿಮಿಷದ ಹಾಡು ಹತ್ತಿರ ಹತ್ತಿರ ಒಂಬತ್ತು ನಿಮಿಷ. ಸಂತೆಗೆ ಹೊರಟವರ ಖುಷಿ ಇದೆ ಅದರಲ್ಲಿ. ಎಲ್ಲರೂ ಕಾಲು ಕುಟ್ಟಿದರು. ನನಗೆ ಬೆಸ್ಸಿಯದೇ ಸಾಕು.

ಎರಡನೆಯದು ಹುಂಜದ ಹಾಡು, ಲಿಟ್ಲ್ ರೆಡ್ ರೂಸ್ಟರ್. ವಿಲ್ಲಿ ಡಿಕ್ಸನ್ ಬರೆದದ್ದು, ಷಿಕಾಗೋದ ಹೌಲಿನ್ ವುಲ್ಫ್ 1961ರಲ್ಲಿ ಹಾಡಿದ್ದು. ಕೂಗೋಕೂ ಸೋಮಾರಿತನ ಪಡುವ ಕೆಂಪು ಹುಂಜ, ಅದು ಇಲ್ಲದೆ ಅಂಗಳವೆಲ್ಲ ಗಲಿಬಿಲಿ. ಕಥೆ ಹೇಳಿದ ಕೂಡಲೇ ಇವಳು ನಕ್ಕಳು. ಹುಂಜ ಅಂದರೆ ಬರೀ ಹುಂಜ ಅಲ್ಲ ಎಂದು ಸೋಬಾನೆ ಹೇಳುವವರಿಗೆ ಬೇರೆ ಬಿಡಿಸಿ ಹೇಳಬೇಕೇ? ವುಲ್ಫ್‌ನ ದನಿ ಜಲ್ಲಿ ಮಷೀನಿಗೆ ಕಲ್ಲು ಹಾಕಿದ ಹಾಗೆ. ಕೇಳಿದರೆ ಆ ಹುಂಜ ಯಾಕೆ ಓಡಿಹೋಯಿತು ಅಂತ ಅರ್ಥವಾಗುತ್ತದೆ.

ಆಮೇಲೆ ಸ್ಯಾಮ್ ಕುಕ್ ಬಂದ. 1963, ನೈಟ್ ಬೀಟ್ ಎಂಬ ರೆಕಾರ್ಡು. ಚರ್ಚ್ ಹಾಡಿನಿಂದ ಬಂದ ಸೋಲ್ ಗಾಯಕ. ಇಡೀ ಸಂಜೆಯಲ್ಲಿ ನಾನು ಇದೊಂದಕ್ಕೇ 300 ಕೊಡುತ್ತಿದ್ದೆ. ಆರ್ಗನ್ ನುಡಿಸಿದ್ದು ಬಿಲ್ಲಿ ಪ್ರೆಸ್ಟನ್, ಆಗ ಹದಿನಾರು ವರ್ಷದ ಹುಡುಗ. ಕುಕ್ ನಾಯಿ ಬೊಗಳಿತು ಎಂದು ಹಾಡಿ ಬಾಯಿ ಮುಚ್ಚುತ್ತಾನೆ, ಆ ಖಾಲಿ ಜಾಗದಲ್ಲಿ ಹುಡುಗ ಆರ್ಗನ್ನಿನಲ್ಲೇ ಬೊಗಳಿಸುತ್ತಾನೆ. ಊಳಿಟ್ಟಿತು ಅಂದರೆ ಊಳಿಡಿಸುತ್ತಾನೆ. ಕುಕ್ ಎಲ್ಲೂ ಕಿರುಚುವುದಿಲ್ಲ. ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಪಕ್ಕದ ಮನೆ ಸುದ್ದಿ ಹೇಳಿದ ಹಾಗೆ ಹೇಳುತ್ತಾನೆ. ವುಲ್ಫ್‌ಗೆ ಹುಂಜ ಕಳೆದ ಸಿಟ್ಟು. ಇವನಿಗೆ ಅದು ಎಲ್ಲಿದೆ ಅಂತ ಗೊತ್ತು, ಹೇಳುತ್ತಿಲ್ಲ ಅಷ್ಟೇ.

ಇದನ್ನೇ ಹಾಡಿದ ಮೂರನೆಯವರು ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್, 1964. ಬ್ರಯನ್ ಜೋನ್ಸ್ ಗಿಟಾರಿನ ತಂತಿಯ ಮೇಲೆ ಜಾರಿಸಿ ನುಡಿಸಿದ್ದು ನಿಜವಾಗಿ ಚೆಂದ. ಇಂಗ್ಲೆಂಡಿನಲ್ಲಿ ಇದು ಮಾರಾಟದ ಪಟ್ಟಿಯಲ್ಲಿ ಒಂದನೇ ನಂಬರಿಗೆ ಹೋಯಿತು. ಆ ಊರಿನಲ್ಲಿ ಅಪ್ಪಟ ಬ್ಲೂಸ್ ಹಾಡೊಂದು ಅಷ್ಟು ಮೇಲೆ ಹೋದದ್ದು ಸಣ್ಣ ಮಾತಲ್ಲ. ಆದರೆ ಹಾಡುವ ಹುಡುಗ ಕೋಳಿ ಸಾಕಿದವನಲ್ಲ, ಅದು ಗೊತ್ತಾಗಿಬಿಡುತ್ತದೆ.

ಮೊದಲ ಕಾಫಿ ಇಲ್ಲಿ ಬಂತು. ಚಿಕೋರಿ ಇಲ್ಲ, ಸ್ಟೀಲ್ ಲೋಟ, ಬಿಸಿ ಸರಿಯಾಗಿತ್ತು. ಕೋಡುಬಳೆ ಮೆತ್ತಗಾಗಿತ್ತು. ಮಳೆಗಾಲ, ಬಿಡಿ.

ಮೂರನೇ ಹಾಡು ಸ್ಟಾರ್ಮಿ ಮಂಡೇ. 1947ರದ್ದು, ಟಿ-ಬೋನ್ ವಾಕರ್. ಸೋಮವಾರ ಕೆಟ್ಟದ್ದು, ಮಂಗಳವಾರವೂ ಅಷ್ಟೇ, ಹೀಗೇ ವಾರ ಸಾಗಿ ಶುಕ್ರವಾರ ಹದ್ದು ಹಾರುತ್ತದೆ. ಹದ್ದು ಎಂದರೆ ಡಾಲರ್ ಮೇಲಿನ ಹದ್ದು, ಸಂಬಳದ ದಿನ. "ಬಟವಾಡೆ ದಿನದ ಹಾಡು" ಎಂದು ರೈಟರು ಒಂದೇ ಮಾತಿನಲ್ಲಿ ಮುಗಿಸಿದರು. ಮೂವತ್ತು ವರ್ಷ ಬಟವಾಡೆ ಪುಸ್ತಕ ಬರೆದವರ ಬಾಯಿಂದ ಆ ಮಾತು ಕೇಳಬೇಕು. ಇದನ್ನು 1961ರಲ್ಲಿ ಸೋಲ್‌ನ ಬಾಬಿ ಬ್ಲಾಂಡ್ ಹಾಡಿದ. ಹಿಂದೆ ವೇಯ್ನ್ ಬೆನೆಟ್ ಗಿಟಾರು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. 1971ರಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ಆಲ್ಮನ್ ಬ್ರದರ್ಸ್ ನುಡಿಸಿದ್ದನ್ನು ಕೊನೆಗೆ ಹಾಕಿದರು. ರಾಕ್‌ನವರು, ಇನ್ನು ಗಲಾಟೆ ಶುರು ಅಂದುಕೊಂಡೆ. ಶುರುವಾಗಲಿಲ್ಲ. ಅವರು ಹಾಡನ್ನು ಕಟ್ಟಿಕೊಂಡದ್ದು ಬ್ಲಾಂಡ್ ಹಾಡಿದ ರೀತಿಯ ಮೇಲೆ. ಬಿಟ್ಟ ಜಾಗವನ್ನು ಹಾಗೇ ಬಿಡೋದನ್ನೂ ಅವನಿಂದಲೇ ಕಲಿತಿದ್ದಾರೆ. ಎಂಟು ನಿಮಿಷ ದಾಟಿದರೂ ಗಡಿಯಾರ ನೋಡಲಿಲ್ಲ.

ನಾಲ್ಕನೇ ಹಾಡು ಕ್ರಾಸ್‌ರೋಡ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬೈಸಿಕೊಳ್ಳುತ್ತೇನೆ. ರಾಬರ್ಟ್ ಜಾನ್ಸನ್ 1936ರಲ್ಲಿ ಟೆಕ್ಸಸ್‌ನ ಹೋಟೆಲೊಂದರಲ್ಲಿ ಒಬ್ಬನೇ ಗಿಟಾರ್ ಹಿಡಿದು ಹಾಡಿದ್ದು. ಎರಡು ವರ್ಷಕ್ಕೆ ಸತ್ತ, ಇಪ್ಪತ್ತೇಳು ವಯಸ್ಸು. 1968ರಲ್ಲಿ ಕ್ರೀಮ್ ತಂಡ ಅದನ್ನೇ ವೇದಿಕೆ ಮೇಲೆ ನುಡಿಸಿತು. ಅದರಲ್ಲಿ ಗಿಟಾರ್ ನುಡಿಸಿದ ಕ್ಲಾಪ್ಟನ್ ಕೈಚಳಕಕ್ಕೆ ಕೋಣೆಯ ಹುಡುಗರೆಲ್ಲ ಎದ್ದು ನಿಂತರು. ಕೈಚಳಕ ಇಲ್ಲ ಅನ್ನೋಕೆ ನಾನ್ಯಾರು? ಜಾನ್ಸನ್ ಹಾಡಿನಲ್ಲಿ ಹೊತ್ತು ಮುಳುಗುತ್ತಿರುತ್ತದೆ, ಯಾರೂ ಗಾಡಿ ನಿಲ್ಲಿಸುತ್ತಿಲ್ಲ ಎಂಬ ಭಯ ಇರುತ್ತದೆ. ಇವರು ಸ್ವಂತ ಗಾಡಿಯಲ್ಲಿ ಬಂದವರು.

ಹೌಂಡ್ ಡಾಗ್ ಬಂದಾಗ ಎಲ್ವಿಸ್ ಪ್ರೆಸ್ಲಿಯ 1956ರ ಹಾಡು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಮೊದಲು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಹೆಂಗಸು ಹಾಡಿದ್ದು ಯಾರಿಗೂ ಗೊತ್ತಿರಲಿಲ್ಲ. 1952ರಲ್ಲಿ ಹಾಡಿದ್ದು, ಮರುವರ್ಷ ಹೊರಬಂತು. ಅವಳ ಬಾಯಲ್ಲಿ ಇದು ಕೆಲಸಕ್ಕೆ ಬಾರದ ಗಂಡಸನ್ನು ಹೊಸಿಲಿಂದ ಆಚೆ ಅಟ್ಟುವ ಹಾಡು. ಎಲ್ವಿಸ್ ಬಾಯಲ್ಲಿ ಸುಮ್ನೆ ನಾಯಿ. ತನಗೆ ಸಿಕ್ಕಿದ್ದು 500 ಡಾಲರ್ ಅಂತ ಅವಳು ಹೇಳಿಕೊಳ್ಳುತ್ತಿದ್ದಳಂತೆ. ಬೇರೆಯವರು ಸುತ್ತಿದ ಕಾಯಿಲ್‌ಗೆ ತನ್ನ ಅಂಗಡಿ ಚೀಟಿ ಅಂಟಿಸುವವರು ನಮ್ಮ ಕಸುಬಿನಲ್ಲೂ ಇದ್ದಾರೆ. ಲೆಡ್ ಜೆಪ್ಲಿನ್ ಎಂಬ ರಾಕ್ ತಂಡದ ಮೇಲೂ, ನನ್ನ ಹಾಡು ಎತ್ತಿಕೊಂಡಿದ್ದಾರೆ ಎಂದು, ಹುಂಜದ ಹಾಡಿನ ವಿಲ್ಲಿ ಡಿಕ್ಸನ್ 1985ರಲ್ಲಿ ಕೇಸ್ ಹಾಕಿದ್ದ, ಎರಡು ವರ್ಷಕ್ಕೆ ರಾಜಿಯಾಯಿತು.

ಹಾಗಾಗಿ ಕೊನೆಯ ಹಾಡು ಲೆಡ್ ಜೆಪ್ಲಿನ್‌ದು ಎಂದಾಗ ನಾನು ಚಪ್ಪಲಿ ಹುಡುಕುತ್ತಿದ್ದೆ. ವೆನ್ ದ ಲೆವಿ ಬ್ರೇಕ್ಸ್. ಲೆವಿ ಎಂದರೆ ಹೊಳೆ ದಂಡೆಗೆ ಹಾಕಿದ ಏರಿ. 1927ರಲ್ಲಿ ಮಿಸಿಸಿಪಿ ಹೊಳೆ ಏರಿ ಒಡೆದು ನುಗ್ಗಿತು, ಲಕ್ಷಾಂತರ ಜನ ಮನೆ ಕಳೆದುಕೊಂಡರು. ಎರಡು ವರ್ಷದ ಮೇಲೆ ಮೆಂಫಿಸ್ ಮಿನ್ನಿ ಮತ್ತು ಅವಳ ಗಂಡ ಕ್ಯಾನ್ಸಸ್ ಜೋ ಮೆಕಾಯ್ ಇದನ್ನು ರೆಕಾರ್ಡ್ ಮಾಡಿದರು. ಗಂಡ ಹಾಡುತ್ತಾನೆ, ಎರಡು ಗಿಟಾರು. ಗಿಟಾರಿನ ಓಟ ಎಷ್ಟು ಹಗುರ ಎಂದರೆ ಪದ ಗೊತ್ತಿಲ್ಲದವರು ಜಾತ್ರೆ ಹಾಡು ಅಂದುಕೊಳ್ಳಬೇಕು. ಇವಳು ಏನಂತೆ ಏನಂತೆ ಎಂದು ಕೇಳುತ್ತಲೇ ಇದ್ದಳು. ನೀರು ಬಂತು, ಮನೆ ಬಿಟ್ಟು ಹೊರಟರು ಅಂದೆ.

ಇವಳ ತವರು ಗೊರೂರು ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಶೆಟ್ಟಿಹಳ್ಳಿಯ ಮುಳುಗಿದ ಚರ್ಚ್ ನೋಡೋಕೆ ಮಳೆಗಾಲದಲ್ಲಿ ಬೆಂಗಳೂರಿನಿಂದ ಕಾರು ಕಾರು ಬರುತ್ತವಲ್ಲ, ಅದೇ ನೀರು. ನಾವು ಅಲ್ಲಿಗೆ ಹೋಗುವುದಿಲ್ಲ.

ಜೆಪ್ಲಿನ್ 1971ರಲ್ಲಿ ಮಾಡಿದ್ದು ಬೇರೆಯೇ ತರ. ಹೆಡ್ಲಿ ಗ್ರೇಂಜ್ ಎಂಬ ಹಳೆ ದೊಡ್ಡ ಮನೆ. ಜಾನ್ ಬೊನಮ್‌ನ ಡ್ರಮ್ಮನ್ನು ಮೆಟ್ಟಿಲ ಬುಡದಲ್ಲಿ ಇಟ್ಟು, ಮೈಕನ್ನು ಮೇಲಿನ ಮಹಡಿಯಿಂದ ಇಳಿಬಿಟ್ಟರು. ಅದಕ್ಕೇ ಆ ಸದ್ದು. ಒಬ್ಬ ಮನುಷ್ಯ ಬಾರಿಸಿದ್ದಲ್ಲ, ಖಾಲಿ ಮನೆಯೇ ಗುದ್ದುತ್ತಿದೆ ಅನ್ನಿಸುತ್ತದೆ. ಹಮ್ ಹೋಗಿದ್ದರಿಂದ ಪ್ರತಿ ಏಟಿನ ಹಿಂದಿನ ಗೋಡೆಯೂ ಕೇಳಿಸಿತು. ರಾಕ್‌ನವರು ಖಾಲಿ ಜಾಗ ತುಂಬಿಬಿಡುತ್ತಾರೆ ಎಂದು ಸಂಜೆಯಿಡೀ ಗೊಣಗಿದ್ದೆ. ಇಲ್ಲಿ ಹಾಡಿನ ತುಂಬ ಇರುವುದೇ ಖಾಲಿ ಜಾಗ. ನೀರು ಬಂದು ಹೋದ ಮೇಲಿನ ಮನೆ. ರೆಕಾರ್ಡಿನ ಮೇಲೆ ಮಿನ್ನಿಯ ಹೆಸರನ್ನೂ ಹಾಕಿದ್ದಾರೆ, ರೈಟರು ಬೆರಳಿಟ್ಟು ತೋರಿಸಿದರು. ಚಪ್ಪಲಿ ಕೆಳಗಿಟ್ಟೆ.

ಹಾಡು ಮುಗಿದ ಮೇಲೆ ಇವಳು ಅಂದದ್ದು ಇಷ್ಟೇ. "ಅವರದ್ದು ಏರಿ ಒಡೆದು ಮುಳುಗಿತು. ನಮ್ಮದು ಕಟ್ಟಿ ಮುಳುಗಿಸಿದರು." ರೈಟರು ಏನೂ ಹೇಳಲಿಲ್ಲ. ಎರಡನೇ ಕಾಫಿ ತಂದುಕೊಟ್ಟರು, ಇವಳಿಗೆ ಮೊದಲು.

ಹೋಗುವವರಿಗೆ ನಾಲ್ಕು ಮಾತು. ಬೋರ್ಡ್ ಇಲ್ಲ, ಕಾಫಿಪುಡಿ ಅಂಗಡಿಯಲ್ಲಿ ಹಾಡು ಎಲ್ಲಿ ಎಂದು ಕೇಳಿದರೆ ಮೆಟ್ಟಿಲು ತೋರಿಸುತ್ತಾರೆ. ಮೆಟ್ಟಿಲು ಕಡಿದು, ಮಂಡಿ ನೋವಿದ್ದವರು ಯೋಚಿಸಿ. ಕರೆಂಟು ಹೋದರೆ ದುಡ್ಡು ವಾಪಸ್ ಇಲ್ಲ. ನಾವು ಹೋದ ದಿನ ಎರಡು ಸಲ ಹೋಗಿ ಬಂತು, ಯುಪಿಎಸ್ ಹಾಕಿಸಿ ಎಂದು ಹೇಳಿ ಬಂದಿದ್ದೇನೆ. ರೈಟರು ಮಾತು ಸ್ವಲ್ಪ ಕಡಿಮೆ ಮಾಡಬೇಕು, ಆದರೆ ಅವರ ತೋಟದ ಕಥೆ ಬಂದರೆ ತಡೆಯಬೇಡಿ. ಹಾಸನದ ಕಡೆಯವರು ಆರೂವರೆಗೆಲ್ಲ ಎದ್ದುಬಿಡಿ. ನಾವು ಏಳಲಿಲ್ಲ, ಬಸ್ಸಿಗೆ ಬಹಳ ಹೊತ್ತು ಕಾದೆವು.

ಮುಂದಿನ ತಿಂಗಳು ಸೋಬಾನೆ ಹೇಳೋಕೆ ಇವಳನ್ನು ಕರೆದಿದ್ದಾರೆ. ನನಗೂ ಪುಕ್ಕಟೆ ಪ್ರವೇಶವಂತೆ, ಆಂಪ್ಲಿಫೈಯರ್ ಒಮ್ಮೆ ಬಿಚ್ಚಿ ನೋಡಬೇಕು ಎಂಬ ಷರತ್ತಿನ ಮೇಲೆ. ಕುರ್ಚಿಗೆ ಹಾಕೋಕೆ ಎರಡು ದಿಂಬು ಮನೆಯಿಂದಲೇ ಒಯ್ಯುತ್ತೇವೆ.