ಸ್ಟ್ರಾಂಡ್‌ಹಿಲ್‌ಗೆ ಹೋಗಿ, ನೀರಿಗೆ ಮಾತ್ರ ಇಳಿಯಬೇಡಿ

ಐರ್ಲೆಂಡಿನಲ್ಲಿರುವ ಕನ್ನಡದವರಿಗೆ, ಅದರಲ್ಲೂ ಬೇಸಿಗೆಗೆ ಊರಿಂದ ಅಪ್ಪ ಅಮ್ಮನನ್ನು, ತಮ್ಮ ತಂಗಿಯರನ್ನು ಕರೆಸಿಕೊಳ್ಳುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸ್ಲೈಗೋ ಪಟ್ಟಣದಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ ಸ್ಟ್ರಾಂಡ್‌ಹಿಲ್ ಎಂಬ ಹಳ್ಳಿ ಇದೆ. ಆ ಬೀಚಿನಲ್ಲಿ ಈಜುವುದು ನಿಷೇಧ. ಬೋರ್ಡ್ ಕೂಡ ಹಾಕಿದ್ದಾರೆ. ಆದರೂ ಬಿಸಿಲು ಬಂದ ದಿನ ಅಲ್ಲಿ ನಿಂತರೆ ಆ ಬೋರ್ಡನ್ನು ಯಾರೂ ನಂಬುವುದಿಲ್ಲ. ಯಾಕೆಂದರೆ ಕಣ್ಣೆದುರೇ ಹತ್ತಾರು ಜನ ನೀರಿನಲ್ಲಿರುತ್ತಾರೆ.

ಅವರೆಲ್ಲ ಸರ್ಫಿಂಗ್ ಮಾಡುವವರು. ಮೈತುಂಬ ದಪ್ಪ ವೆಟ್‌ಸೂಟ್, ಕಾಲಿಗೆ ಹಗ್ಗದಿಂದ ಕಟ್ಟಿದ ತೇಲುವ ಹಲಗೆ. ಕಡಲಿನ ಒಳಕ್ಕೆ ಎಳೆಯುವ ಸೆಳೆತವನ್ನು ಅವರು ಬೇಕಂತಲೇ ಹುಡುಕುತ್ತಾರೆ. ಅಲೆ ದಾಟಿ ಆಚೆ ಹೋಗಲು ಅವರಿಗೆ ಅದೇ ಸುಲಭದ ದಾರಿ. ಬರಿಗೈಯಲ್ಲಿ ಇಳಿದವರಿಗೆ ಅದೇ ದಾರಿ ಪ್ರಾಣ ತೆಗೆಯುತ್ತದೆ.

ಕಳೆದ ಜುಲೈನಲ್ಲಿ ನಾವು ಎರಡು ಕುಟುಂಬದವರು ಡಬ್ಲಿನ್‌ನಿಂದ ಅಲ್ಲಿಗೆ ಹೋಗಿದ್ದೆವು. ಬಾಡಿಗೆ ಮನೆ ಕೊಟ್ಟವರು ಐಸ್‌ಕ್ರೀಮ್ ಎಲ್ಲಿ ಸಿಗುತ್ತದೆ, ಕಡಲಪಾಚಿಯ ಸ್ನಾನ ಎಲ್ಲಿ, ನಾಕ್‌ನರೇ ಬೆಟ್ಟ ಹತ್ತಲು ಯಾವ ಕಡೆಯಿಂದ ಹೋಗಬೇಕು ಎಂದು ಎಲ್ಲವನ್ನೂ ಹೇಳಿದರು. 'ಬೀಚ್ ಐದೇ ನಿಮಿಷ, ಮಕ್ಕಳಿಗೆ ತುಂಬಾ ಖುಷಿಯಾಗುತ್ತದೆ' ಎಂದರು. ಈಜಬಾರದು ಎಂಬ ಒಂದು ಮಾತು ಹೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇರುವುದು ಅದಕ್ಕೇ. ಪ್ರವಾಸಿಗರಿಂದ ದುಡ್ಡು ತೆಗೆದುಕೊಳ್ಳುವವರು ಹೇಳಬೇಕಾದ ಮೊದಲ ಮಾತು ಅದು.

ನಮ್ಮ ಸ್ನೇಹಿತ ಉಡುಪಿ ಕಡೆಯವನು, ಹೊಳೆಯಲ್ಲಿ ಈಜಿ ಬೆಳೆದವನು. ಅವನು ಈಜಲು ಹೋಗಲೇ ಇಲ್ಲ. ಪ್ಯಾಂಟ್ ಮಡಚಿ ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದ ಅಷ್ಟೆ. ದೊಡ್ಡ ಅಲೆಯೊಂದು ಬಂದು ಸೊಂಟಕ್ಕೆ ಹೊಡೆಯಿತು. ವಾಪಸ್ ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಯಿತು. ಅವನು ಸಾವರಿಸಿಕೊಳ್ಳುವುದರೊಳಗೆ ಇನ್ನೊಂದು ಅಲೆ. ನಾವು ಮತ್ತೆ ನೋಡುವಾಗ ಅವನ ತಲೆ ಮಾತ್ರ ಕಾಣುತ್ತಿತ್ತು, ನಿಂತಿದ್ದ ಜಾಗಕ್ಕಿಂತ ಎಷ್ಟೋ ಆಚೆ.

ಅವನು ನೇರವಾಗಿ ದಡದ ಕಡೆಗೇ ಈಜುತ್ತಿದ್ದ. ಕೈ ಬೀಸುವುದು ಕಾಣುತ್ತಿತ್ತು, ಹತ್ತಿರ ಮಾತ್ರ ಬರುತ್ತಿರಲಿಲ್ಲ. ಅವನ ಹೆಂಡತಿ ನೀರಿಗೆ ಓಡಲು ಹೊರಟಳು, ನಾವು ಗಟ್ಟಿಯಾಗಿ ಹಿಡಿದುಕೊಂಡೆವು. ಕೊನೆಗೆ ಪಾಠ ಹೇಳಿಕೊಡುತ್ತಿದ್ದ ಸರ್ಫಿಂಗ್ ಶಿಕ್ಷಕಿಯೊಬ್ಬರು ನಮ್ಮ ಕೂಗು ಕೇಳಿ ಹಲಗೆಯೊಂದಿಗೆ ಹೋಗಿ ಅವನನ್ನು ಎಳೆದು ತಂದರು. ತುಟಿ ನೀಲಿಯಾಗಿತ್ತು, ಮಾತು ಹೊರಡುತ್ತಿರಲಿಲ್ಲ. ನೀರು ಕುಡಿದಿದ್ದರಿಂದ ಆ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಈಗ ಆರಾಮಾಗಿದ್ದಾನೆ. ಆ ಶಿಕ್ಷಕಿ ಅಲ್ಲಿ ಇಲ್ಲದೇ ಹೋಗಿದ್ದರೆ ಎಂದು ಯೋಚಿಸಲೂ ನನ್ನಿಂದ ಆಗುವುದಿಲ್ಲ.

ನಮ್ಮವರು ಇಲ್ಲಿ ಯಾಕೆ ಮೋಸಹೋಗುತ್ತಾರೆ ಗೊತ್ತಾ? ಊರಲ್ಲಿ ಕಡಲು ಕೆರಳಿದರೆ ಆಕಾಶವೇ ಹೇಳುತ್ತದೆ. ಮಳೆಗಾಲದಲ್ಲಿ ಮಲ್ಪೆಯಲ್ಲೋ ಗೋಕರ್ಣದಲ್ಲೋ ಯಾರೂ ಹೇಳದೆಯೂ ದೂರ ನಿಲ್ಲುತ್ತೇವೆ. ಅಟ್ಲಾಂಟಿಕ್ ಹಾಗಲ್ಲ. ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿಯ ಅಲೆಗಳು ಎಷ್ಟೋ ದಿನ ಕಳೆದು ಈ ದಡಕ್ಕೆ ಬರುತ್ತವೆ. ಇಲ್ಲಿ ಬಿಸಿಲು, ಗಾಳಿಯೇ ಇಲ್ಲ, ಅಲೆ ಮಾತ್ರ ಭಾರೀ. ಮೇಲಾಗಿ ಉಬ್ಬರ ಇಳಿತವೂ ನಮ್ಮ ಕರಾವಳಿಗಿಂತ ಜಾಸ್ತಿ. ಬೆಳಗ್ಗೆ ಅಗಲವಾಗಿದ್ದ ಮರಳು ಮಧ್ಯಾಹ್ನಕ್ಕೆ ಇರುವುದೇ ಇಲ್ಲ.

ಇನ್ನೊಂದು, ಚಳಿ. ನಡುಬೇಸಿಗೆಯಲ್ಲೂ ನೀರು 15 ಡಿಗ್ರಿ ಆಸುಪಾಸು. ಏಕಾಏಕಿ ಬಿದ್ದರೆ ಮೊದಲ ಒಂದೆರಡು ನಿಮಿಷ ಉಸಿರು ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಬಾಯಿ ತಾನಾಗಿ ತೆರೆದು ಉಸಿರೆಳೆಯುತ್ತದೆ, ಆಗಲೇ ನೀರು ಒಳಗೆ ಹೋಗುವುದು. ಚೆನ್ನಾಗಿ ಈಜುವವರೂ ಮುಳುಗುವುದಕ್ಕೆ ಇದು ದೊಡ್ಡ ಕಾರಣ. ಅದಕ್ಕೇ ಇಲ್ಲಿನ ಕಡಲ ರಕ್ಷಣಾ ಸಂಸ್ಥೆ ಆರ್‌ಎನ್‌ಎಲ್‌ಐ ಮೊದಲು ತೇಲಿ ಎಂದು ಹೇಳುತ್ತದೆ. ತಲೆ ಹಿಂದಕ್ಕೆ ಹಾಕಿ, ಕಿವಿ ನೀರೊಳಗೆ ಇರಲಿ, ಕೈ ಮೆಲ್ಲಗೆ ಆಡಿಸುತ್ತಾ ಉಸಿರು ಸರಿಯಾಗುವವರೆಗೆ ಅಂಗಾತ ತೇಲಬೇಕು. ಆಮೇಲೆ ಕೈ ಎತ್ತಿ ಕೂಗಬೇಕು. ಈಜುವ ಶಕ್ತಿ ಇದ್ದರೆ ದಡದ ಕಡೆ ಅಲ್ಲ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಸೆಳೆತ ದಾಟಿದ ಮೇಲೆ ಅಲೆಗಳೇ ದಡದತ್ತ ತಳ್ಳುತ್ತವೆ.

ಸೆಳೆತ ಇರುವ ಜಾಗ ನೋಡಲು ಶಾಂತವಾಗಿರುತ್ತದೆ, ಅದೇ ಭಯದ ವಿಷಯ. ಎರಡು ಕಡೆ ಬಿಳಿ ನೊರೆ, ನಡುವೆ ಅಲೆ ಒಡೆಯದ ಕಪ್ಪು ನೀರಿನ ಪಟ್ಟಿ. ಮಕ್ಕಳನ್ನು ಆಡಿಸಲು ಇದೇ ಒಳ್ಳೆಯ ಜಾಗ ಅನ್ನಿಸುತ್ತದೆ, ಅಲ್ವಾ? ದಡಕ್ಕೆ ಬಂದ ನೀರೆಲ್ಲ ವಾಪಸ್ ಕಡಲಿಗೆ ಓಡುವ ಕಾಲುವೆ ಅದು.

ಹತ್ತಿರದ ಕೋನಿ ದ್ವೀಪದ ಬಗ್ಗೆಯೂ ಹುಷಾರು. ಇಳಿತದಲ್ಲಿ ಮರಳ ಮೇಲೆ ಕಾರು ಓಡಿಸಿಕೊಂಡೇ ಹೋಗಬಹುದು, ದಾರಿ ತೋರಿಸಲು ಕಲ್ಲಿನ ಕಂಬಗಳಿವೆ. ಉಬ್ಬರ ಬಂದರೆ ಆ ದಾರಿ ಮುಳುಗುತ್ತದೆ. ಆ ದಿನದ ಸಮಯ ನೋಡದೆ ಹೊರಡಬೇಡಿ.

ಮಕ್ಕಳು ನೀರಿಗೆ ಇಳಿಯಲೇಬೇಕು ಎಂದು ಹಟ ಮಾಡಿದರೆ ಕೊಲ್ಲಿಯ ಆಚೆ ದಡದ ರಾಸಸ್ ಪಾಯಿಂಟ್‌ಗೆ ಕರೆದುಕೊಂಡು ಹೋಗಿ. ಬೇಸಿಗೆಯಲ್ಲಿ ಅಲ್ಲಿ ಲೈಫ್‌ಗಾರ್ಡ್‌ಗಳು ಇರುವ ಹೊತ್ತು ನೋಡಿಕೊಂಡು, ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಸಿ. ಸ್ಟ್ರಾಂಡ್‌ಹಿಲ್‌ನಲ್ಲೇ ಆಗಬೇಕು ಅಂದರೆ ಸರ್ಫಿಂಗ್ ಶಾಲೆಗೆ ಸೇರಿಸಿ, ಶಿಕ್ಷಕರ ಜೊತೆ ಹೋಗಲಿ. ಯಾರಾದರೂ ಕೊಚ್ಚಿಕೊಂಡು ಹೋಗುವುದು ಕಂಡರೆ ಹಿಂದೆಯೇ ಹಾರಬೇಡಿ. 112ಕ್ಕೆ ಫೋನ್ ಮಾಡಿ ಕೋಸ್ಟ್ ಗಾರ್ಡ್ ಬೇಕು ಎಂದು ಕೇಳಿ. ಅವರ ಹೆಲಿಕಾಪ್ಟರ್ ನೆಲೆ ಅದೇ ಹಳ್ಳಿಯ ವಿಮಾನ ನಿಲ್ದಾಣದಲ್ಲಿದೆ. ಫೋನಿನಲ್ಲಿ ಮಾತಾಡುವಾಗಲೂ ನೀರಿನಲ್ಲಿರುವವರ ಮೇಲಿಂದ ಕಣ್ಣು ತೆಗೆಯಬೇಡಿ. ಅಲೆಗಳ ನಡುವೆ ಒಮ್ಮೆ ತಪ್ಪಿದ ತಲೆಯನ್ನು ಮತ್ತೆ ಹುಡುಕುವುದು ತುಂಬಾ ಕಷ್ಟ.